ಎರಡನೇ ಬ್ಯಾರಲ್ಲು

ಮೊನ್ನೆ ಬೆಳ್ಳೂರು ಕ್ರಾಸಿನಲ್ಲಿ ನಮ್ಮ ಬಸ್ಸು ಕಾಫಿಗೆಂದು ನಿಂತಿತ್ತು. ಹೋಟೆಲಿನವನು ದೋಸೆ ಕಾವಲಿಯ ಮೇಲೆ ನೀರು ಚಿಮುಕಿಸಿ, ಪೊರಕೆಯಲ್ಲಿ ಗುಡಿಸಿ, ಎಣ್ಣೆ ಸವರಿದ. ಕಾದ ಕಬ್ಬಿಣಕ್ಕೆ ಎಣ್ಣೆ ಬಿದ್ದಾಗ ಒಂದು ವಾಸನೆ ಏಳುತ್ತದಲ್ಲ, ಅದರಿಂದ ನಿಮಗೆ ಹಸಿವಾಗಬಹುದು. ನನಗೆ ಮಾತ್ರ ಮುದ್ದುಮಾವನ ಎಡ ಅಂಗೈ ಕಣ್ಣ ಮುಂದೆ ಬಂದು ನಿಲ್ಲುತ್ತದೆ. ಹಾಗಂತ ದೋಸೆ ಬಿಟ್ಟೆ ಅಂದುಕೊಳ್ಳಬೇಡಿ. ಎರಡು ತಿಂದೆ.

ಮುದ್ದುಮಾವ ಅಂದರೆ ಅಮ್ಮನ ತಮ್ಮ, ಬೂಕನಕೆರೆಯ ಮುದ್ದಾಚಾರಿ. ನಮ್ಮದು ಕುಲುಮೆಯ ಮನೆತನ. ತಾತ ನೇಗಿಲಿನ ಗುಳ, ಕುಡುಗೋಲು, ಗಾಡಿಚಕ್ರದ ಪಟ್ಟಿ ಬಡಿದು ಸುತ್ತಲ ಹಳ್ಳಿಗಳನ್ನು ಸಾಕಿದರು, ಹಳ್ಳಿಗಳು ಅವರನ್ನು ಸಾಕಿದವು. ಟ್ರಾಕ್ಟರು ಬಂದ ಮೇಲೆ ತಿದಿ ಒತ್ತುವುದರಲ್ಲಿ ಹೊಟ್ಟೆ ತುಂಬುವುದಿಲ್ಲವೆಂದು ಮಾವ ಮಿಲಿಟರಿ ಸೇರಿದರು. ಅಲ್ಲಿ ಅವರ ತೋಳು ನೋಡಿದ ಯಾರೋ ಕೈಗೆ ಎಲ್‌ಎಂಜಿ ಕೊಟ್ಟರು. ಲೈಟ್ ಮಷೀನ್ ಗನ್ನು. ಹೆಸರಿನಲ್ಲಷ್ಟೇ ಲೈಟು, ಹೊತ್ತರೆ ಹತ್ತು ಕಿಲೋದ ಆಸುಪಾಸು.

ಇಲ್ಲಿ ಸ್ವಲ್ಪ ಪಾಠ ಹೇಳಿಬಿಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಕಾಲ್ದಳದಲ್ಲಿ ಹತ್ತು ಜನರ ಒಂದು ಸೆಕ್ಷನ್ನು. ಉಳಿದವರ ಕೈಯಲ್ಲಿ ರೈಫಲ್ಲು, ಎಲ್ಲರ ನಡುವೆ ಈ ಒಂದು ಗನ್ನು. ಅದು ಎಡೆಬಿಡದೆ ಹಾರಿಸುತ್ತಿದ್ದರೆ ಎದುರಿನವರು ತಲೆ ಎತ್ತುವುದಿಲ್ಲ, ಆಗ ನಮ್ಮವರು ಮುಂದೆ ಹೋಗಬಹುದು, ಹಿಂದೆ ಬರಲೂಬಹುದು. ಗನ್ನು ನಿಂತರೆ ಎಲ್ಲವೂ ನಿಂತಂತೆ. ಅದನ್ನು ಹಾರಿಸುವವನು ನಂಬರ್ ಒನ್ನು. ಅವನ ಪಕ್ಕದಲ್ಲಿ ಗುಂಡು ತುಂಬಿದ ಮ್ಯಾಗಜೀನುಗಳನ್ನೂ ಇನ್ನೊಂದು ಬ್ಯಾರಲ್ಲನ್ನೂ ಹೊತ್ತು ಬರುವವನು ನಂಬರ್ ಟೂ. ಇನ್ನೊಂದು ಬ್ಯಾರಲ್ಲು ಯಾಕೆ? ಕುಲುಮೆಯ ಮನೆಯವಳಾದ್ದರಿಂದ ನನಗೆ ಅದು ಬೇಗ ಅರ್ಥವಾಯಿತು. ಒಂದೇ ಸಮನೆ ಗುಂಡು ಹಾರಿದರೆ ನಳಿಗೆ ಕೆಂಪಗೆ ಕಾಯುತ್ತದೆ, ಕಾದ ಕಬ್ಬಿಣ ಮೆತ್ತಗಾಗುತ್ತದೆ, ಮೆತ್ತಗಾದದ್ದು ಮಾತು ಕೇಳುವುದಿಲ್ಲ. ಅದನ್ನು ತೆಗೆದು ತಣ್ಣಗಿರುವುದನ್ನು ಹಾಕಬೇಕು.

ಇಷ್ಟೆಲ್ಲ ನನಗೆ ಹೇಗೆ ಗೊತ್ತೆಂದರೆ, ಆ ಗನ್ನುಗಳನ್ನು ರೂಪಿಸುವ ಕಚೇರಿಯೊಂದರಲ್ಲಿ ನಾನು ಎಂಜಿನಿಯರು. ಪಾಂಡವಪುರದಲ್ಲಿ ಇದು ಬಹಳ ಜನಕ್ಕೆ ಗೊತ್ತಿಲ್ಲ. ಅಮ್ಮ ಬೀದಿಗೆಲ್ಲ "ನಮ್ಮುಡುಗಿ ಪಂಪ್‌ಸೆಟ್ ಡಿಸೈನ್ ಮಾಡ್ತಾಳೆ" ಎಂದು ಹೇಳಿಟ್ಟಿದ್ದಾಳೆ. ರಜಕ್ಕೆ ಬಂದರೆ ಸುಟ್ಟ ಮೋಟಾರು ಹಿಡಿದುಕೊಂಡು ಯಾರಾದರೂ ಬಾಗಿಲಿಗೆ ಬರುತ್ತಾರೆ. ಮೊದಮೊದಲು ತಡವರಿಸುತ್ತಿದ್ದೆ, ಆಮೇಲಾಮೇಲೆ ರಿಪೇರಿಯನ್ನೇ ಕಲಿತುಬಿಟ್ಟೆ. ಬಂದೂಕಿನಲ್ಲಿ ಹೆಸರು ಬರದಿದ್ದರೂ ಮೋಟಾರಿನಲ್ಲಿ ಬಂದಿದೆ.

ಕೆಲವು ವರ್ಷಗಳ ಹಿಂದೆ ನಮ್ಮ ತಂಡಕ್ಕೆ ಹೊಸ ಎಲ್‌ಎಂಜಿಯ ಕೆಲಸ ಬಂತು. ಸಣ್ಣ ಗುಂಡು, ಕಡಿಮೆ ತೂಕ, ರೈಫಲ್ಲಿನವನ ಜೊತೆಗೇ ಓಡಬಲ್ಲ ಗನ್ನು ಬೇಕಿತ್ತು. ಮೊದಲ ತಿಂಗಳಲ್ಲೇ ಜಗಳ ಶುರುವಾಯಿತು. ನಮ್ಮ ದೊಡ್ಡ ಸಾಹೇಬರು, "ಎರಡನೇ ಬ್ಯಾರಲ್ ಯಾಕೆ? ಒಂದನ್ನೇ ಸ್ವಲ್ಪ ದಪ್ಪ ಮಾಡಿ ಗಟ್ಟಿಯಾಗಿ ಕೂರಿಸಿಬಿಡಿ. ತೂಕ ಉಳಿಯುತ್ತೆ" ಎಂದರು. ನಾನು ಆಗುವುದಿಲ್ಲ ಎಂದೆ. ಬ್ಯಾರಲ್ಲು ಬದಲಾಗಲೇಬೇಕು, ಅದಕ್ಕೆ ಸುಡದ ಹಿಡಿ ಇರಲೇಬೇಕು ಎಂದು ಹಟ ಹಿಡಿದೆ. ಬಾಯಿಂದ ಹೇಳಿದ ಕಾರಣಗಳು ಬೇರೆ, ಒಳಗಿದ್ದದ್ದು ಮಾವನ ಅಂಗೈ. ಬೆರಳಿನ ಬುಡದಿಂದ ಮಣಿಕಟ್ಟಿನವರೆಗೆ ಚರ್ಮ ನುಣ್ಣಗೆ, ಗೆರೆಯೇ ಇಲ್ಲದೆ, ಮೇಣ ಮೆತ್ತಿದಂತಿತ್ತು. ಕಾದ ಬ್ಯಾರಲ್ಲು ಹಿಡಿದದ್ದು ಎಂದಷ್ಟೇ ಮನೆಯವರಿಗೆ ಗೊತ್ತು. ಮಾವ ಅದಕ್ಕಿಂತ ಹೆಚ್ಚು ಹೇಳಿದವರಲ್ಲ.

"ಹಬ್ಬ ಮುಗಿಸಿಕೊಂಡು ಬನ್ನಿ, ತೀರ್ಮಾನ ಮಾಡೋಣ" ಎಂದರು ಸಾಹೇಬರು. ಸಾಕ್ಷಿಗೆ ಮಾವನಿದ್ದಾರೆಂಬ ಧೈರ್ಯದಲ್ಲಿ ನಾನು ನೇರ ಬೂಕನಕೆರೆಗೆ ಹೋದೆ.

ಮಾವ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದರು. ನಾನು ಎಲ್ಲ ವಿವರಿಸಿ, "ನೀವೇ ಹೇಳಿ ಮಾವ, ಎರಡನೇ ಬ್ಯಾರಲ್ಲು ಬೇಕೋ ಬೇಡವೋ?" ಎಂದೆ.

"ಬ್ಯಾಡ" ಎಂದರು ಮಾವ, ಹಸುವಿನ ಕೆಚ್ಚಲಿನಿಂದ ಕೈ ತೆಗೆಯದೆ.

ನಾನು ತಬ್ಬಿಬ್ಬಾದೆ. ಕರೆದು ಮುಗಿದ ಮೇಲೆ ಅವರು ಜಗಲಿಯ ಮೇಲೆ ಕೂತು, ಅಷ್ಟು ವರ್ಷ ಹೇಳದೆ ಇದ್ದದ್ದನ್ನು ಹೇಳಿದರು. ಅವರ ನಂಬರ್ ಟೂ ನಾಗಮಂಗಲದ ಕಡೆಯ ನಂಜಪ್ಪ. ಒಂದು ಬೆಳಗ್ಗೆ ಗುಡ್ಡದ ಇಳಿಜಾರಿನಲ್ಲಿ ಇವರ ಸೆಕ್ಷನ್ನು ಸಿಕ್ಕಿಕೊಂಡಿತು. ಎದುರಿನ ಗುಂಡಿನ ಸುರಿಮಳೆಯಲ್ಲಿ ಇಬ್ಬರೂ ಬೇರೆ ಬೇರೆ ಬಂಡೆಗಳ ಮರೆಗೆ ಬಿದ್ದರು. ಮಾವ ಹಾರಿಸುತ್ತಲೇ ಇದ್ದರು. ಬ್ಯಾರಲ್ಲು ಕಾಯಿತು.

"ಬ್ಯಾರಲ್ ಅಂತ ಕೂಗ್ದೆ. ನಮ್ ಡ್ರಿಲ್ಲೇ ಅದು, ನಾನು ಕೂಗ್ಬೇಕು, ಅವನು ತರ್ಬೇಕು. ಅವನು ಎದ್ದ ಕಣಮ್ಮಿ. ನಾಕೆಜ್ಜೆ ಬಂದ. ಅಲ್ಲೇ ಬಿದ್ದ. ಬ್ಯಾರಲ್ಲು ಮಾತ್ರ ಉರುಳ್ಕೊಂಡು ನನ್ ತಾವ್ಕೆ ಬಂತು."

"ಆಮೇಲೆ?"

"ಬ್ಯಾರಲ್ಲಿನ್ ಹಿಡೀಗೆ ಗುಂಡು ತಾಗಿ ಒಡ್ದೋಗಿತ್ತು. ಕಾದಿರೋದ್ನ ಕೈಯಾಗೇ ಕಿತ್ತೆ. ಅವನು ತಂದಿದ್ದ ಹಾಕ್ದೆ. ಉಳಿದೋರೆಲ್ಲ ಇಂದಕ್ಕೆ ಓಗೋಗಂಟ ಒಡೀತಾನೇ ಇದ್ದೆ." ಅಂಗೈಯನ್ನು ಮೊಣಕಾಲಿಗೆ ಒರೆಸಿಕೊಂಡರು. "ಅದ್ಕೇ ಏಳ್ತಿರೋದು. ಒಬ್ಬನೇ ಎತ್ಕೊಂಡು ಓಡೋ ಅಂಗೆ ಅಗೂರವಾಗಿ ಮಾಡು. ಇನ್ನೊಬ್ಬ ಎದ್ದು ಬರೋ ಅಂಗೆ ಮಾಡ್ಬ್ಯಾಡ."

ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ. "ಆದರೆ ಮಾವ, ಆ ಬ್ಯಾರಲ್ಲು ನಿಮ್ಮ ಹತ್ತಿರ ಬರದೇ ಇದ್ದಿದ್ದರೆ? ಉಳಿದವರು ವಾಪಸು ಬರುತ್ತಿದ್ದರಾ?"

ಮಾವ ಎದ್ದು ಹಾಲಿನ ಕ್ಯಾನು ತೆಗೆದುಕೊಂಡು ಡೈರಿಗೆ ಹೊರಟುಹೋದರು. ಅತ್ತೆ ಹೊರಗೆ ಬಂದು, "ಏನಂದ್ಯಮ್ಮ ನೀನು, ಮಾತಾಡ್ದೆ ಒಂಟೋದ್ರಲ್ಲ!" ಎಂದರು. ನನಗೆ ಕಣ್ಣು ತುಂಬಿತ್ತು, ಆದರೆ ಮಾತು ಹಿಂದೆ ತೆಗೆದುಕೊಳ್ಳಬೇಕು ಅನ್ನಿಸಲಿಲ್ಲ. ಅವರು ಹೇಳಿದ್ದು ಸರಿ, ನಾನು ಕೇಳಿದ್ದೂ ಸರಿ. ಎರಡು ಸರಿಗಳ ನಡುವೆ ಆ ಗನ್ನು ಸಿಕ್ಕಿಕೊಂಡಿತ್ತು.

ಎರಡು ದಿನ ಕಳೆದು ಪಾಂಡವಪುರದ ನಮ್ಮ ಮನೆ ಮುಂದೆ ಮಾವ ಪ್ರತ್ಯಕ್ಷರಾದರು. ಬೆನ್ನಿಗೆ ಗೋಣಿಚೀಲ ಸುತ್ತಿದ ಉದ್ದನೆಯದೇನೋ ಇತ್ತು. ಬಿಚ್ಚಿದರೆ ಕಬ್ಬಿಣದ ಪೈಪಿಗೆ ತುಂಡುಗಳನ್ನು ಬೆಸೆದು, ಭುಜಕ್ಕೆ ಆನಿಸಲು ಮರದ ಹಿಡಿ ಕೂರಿಸಿ, ಎರಡು ಕಾಲು ಇಟ್ಟು ಅವರೇ ಮಾಡಿದ ಗನ್ನು. ಗುಂಡು ಹಾರುವುದಿಲ್ಲ ಅನ್ನುವುದೊಂದು ಬಿಟ್ಟರೆ ತೂಕ ಥೇಟ್ ಹಳೆಯದರದ್ದೇ. ಜೊತೆಗೆ ಒಂಟಿ ಪೈಪು ಬೇರೆ, ಅದು ಎರಡನೇ ಬ್ಯಾರಲ್ಲು.

"ಇದ್ನ ಇಡ್ಕೊಂಡು ಬಸ್ನಾಗೆ ಬಂದ್ಯೇನ್ಲಾ ಮುದ್ದ?" ಅಮ್ಮ ಎದೆ ಮೇಲೆ ಕೈ ಇಟ್ಟುಕೊಂಡಳು.

"ಕಂಡಕ್ಟ್ರು ಏನಿದು ಅಂದ. ಪಂಪ್‌ಸೆಟ್ ಸಾಮಾನು ಅಂದೆ" ಎಂದರು ಮಾವ. ಆಮೇಲೆ ನನ್ನ ಕಡೆ ತಿರುಗಿ, "ನಡಿ, ಕುಂತಿಬೆಟ್ಟಕ್ಕೆ. ಒತ್ಕೊಂಡು ನೋಡ್ದೆ ಯಾವ ತೀರ್ಮಾನ ಮಾಡ್ತೀಯೆ?"

ಆ ಬೆಟ್ಟ ಹತ್ತಿದ ಪರಿಯನ್ನು ಈಗ ನೆನೆದರೆ ನಗು ಬರುತ್ತದೆ. ನಾನು ನಂಬರ್ ಒನ್ನು, ಮಂಡಿನೋವಿನ ಮಾವ ನಂಬರ್ ಟೂ. ಫೋಟೋ ತೆಗೆಸಿಕೊಳ್ಳಲು ಬಂದಿದ್ದ ಕಾಲೇಜು ಹುಡುಗಿಯರು ಯಾವುದೋ ಶೂಟಿಂಗೆಂದು ಹಿಂದೆ ಬಿದ್ದರು. ಮಾವ ಮಲಗು ಅಂದರೆ ಮಲಗಬೇಕು, ಏಳು ಅಂದರೆ ಏಳಬೇಕು, ಓಡು ಅಂದರೆ ಓಡಬೇಕು. ಮೊದಲ ಏರಿಗೇ ನನ್ನ ಭುಜ ಕಿತ್ತು ಬರುವಂತಾಯಿತು. ಕಾಗದದ ಮೇಲೆ ನಾನು ಉಳಿಸಲು ಒದ್ದಾಡುತ್ತಿದ್ದ ಇನ್ನೂರು ಮುನ್ನೂರು ಗ್ರಾಮುಗಳೆಲ್ಲ ಒಟ್ಟಾಗಿ ಬಂದು ಬೆನ್ನ ಮೇಲೆ ಕೂತ ಹಾಗಿತ್ತು. ಸಾಹೇಬರ ಮೇಲೆ ಮೊದಲ ಬಾರಿಗೆ ಗೌರವ ಬಂತು.

ಅರ್ಧ ಬೆಟ್ಟದಲ್ಲಿ ಒಂದು ಬಂಡೆಯ ಮರೆಯಲ್ಲಿ ಬೋರಲಾಗಿ ಮಲಗಿ, ನಾನು "ಬ್ಯಾರಲ್!" ಎಂದು ಕೂಗಿದೆ.

ಯಾರೂ ಬರಲಿಲ್ಲ. ತಿರುಗಿ ನೋಡಿದರೆ ಮಾವ ಕೆಳಗಿನ ಬಂಡೆಯ ಹಿಂದೆ ಪೈಪು ತಬ್ಬಿಕೊಂಡು ಕೂತಿದ್ದರು. ಮಂಡಿನೋವೇನೋ ಎಂದುಕೊಂಡೆ. ಮುಖ ನೋಡಿದ ಮೇಲೆ ಅದಲ್ಲವೆಂದು ತಿಳಿಯಿತು. ನಮ್ಮಿಬ್ಬರ ನಡುವೆ ಬಿಸಿಲು ಬಿದ್ದ ಬರಿಯ ಕಲ್ಲು, ನಾಲ್ಕು ಹೆಜ್ಜೆಯಷ್ಟು ಜಾಗ. ಮಾವ ಬಹಳ ಹೊತ್ತು ಹಾಗೇ ಇದ್ದರು. ಆಮೇಲೆ ಹಲ್ಲು ಕಚ್ಚಿ ಎದ್ದು, ಆ ಜಾಗ ದಾಟಿ ಬಂದು, ಪೈಪನ್ನು ನನ್ನ ಪಕ್ಕದಲ್ಲಿ ಇಟ್ಟರು.

"ಇಷ್ಟೇ ಕಣಮ್ಮಿ" ಎಂದರು. "ಇಷ್ಟು ಜಾಗಾನೇ."

ನನ್ನ ಕೆಲಸ ಏನೆಂದು ನನಗೆ ಗೊತ್ತಾದದ್ದು ಆಗ. ಎರಡನೇ ಬ್ಯಾರಲ್ಲು ಬೇಕು, ಆದರೆ ಅದು ಇನ್ನೊಬ್ಬನ ಬೆನ್ನ ಮೇಲೆ ಇರಬಾರದು. ಗನ್ನಿನವನ ಮೈಮೇಲೇ ಇರಬೇಕು, ಮಲಗಿದ್ದಲ್ಲಿಂದಲೇ ಅವನು ಒಂದು ಕೈಯಲ್ಲಿ ಬದಲಾಯಿಸುವಂತಿರಬೇಕು. ಹಾಗೆ ಮಾಡಬೇಕಾದರೆ ಬ್ಯಾರಲ್ಲು ಗಿಡ್ಡವಾಗಬೇಕು, ಉಳಿದ ಮೈಯೆಲ್ಲ ಹಗುರಾಗಬೇಕು. ಹೇಳುವುದು ಸುಲಭ. ಬ್ಯಾರಲ್ಲು ಗಿಡ್ಡ ಮಾಡಿದರೆ ಗುರಿ ಕೆಡುತ್ತದೆ, ಮೈ ಹಗುರ ಮಾಡಿದರೆ ಗನ್ನು ಕುಣಿಯುತ್ತದೆ. ಬೆಟ್ಟ ಇಳಿಯುವಾಗಲೇ ಮಾವನಿಗೆ ಹೇಳಿದೆ. "ಆಯ್ತದಾ?" ಎಂದರು. "ಆಗಿಸಬೇಕು" ಎಂದೆ.

ಸಾಹೇಬರು ಮೊದಲು ನಕ್ಕರು, ಆಮೇಲೆ ಲೆಕ್ಕ ಹಾಕಿದರು, ಕೊನೆಗೆ ನನಗಿಂತ ಹೆಚ್ಚು ಹಟಕ್ಕೆ ಬಿದ್ದರು. ಹಬ್ಬಗಳು ಬಂದವು, ಹೋದವು. ಒಂದು ಮಾದರಿ ಮರಳಿಗೆ ಸಿಕ್ಕಿ ಕೆಮ್ಮಿತು, ಇನ್ನೊಂದರ ಹಿಡಿ ಕಾದು ಬಾಗಿತು. ಕೊನೆಗೊಂದು ಚೆನ್ನಾಗಿ ಬಂತು ಅನ್ನುವಷ್ಟರಲ್ಲಿ ಹೊರದೇಶದ ಗನ್ನು ಕೊಳ್ಳುವುದೆಂದು ತೀರ್ಮಾನವಾಯಿತು, ನಮ್ಮದನ್ನು ಬೀರುವಿನಲ್ಲಿಟ್ಟರು. ಅದನ್ನು ತಪ್ಪು ಅನ್ನಲಾರೆ. ಗಡಿಯಲ್ಲಿರುವವನಿಗೆ ನನ್ನ ಡ್ರಾಯಿಂಗು ಮುಗಿಯುವವರೆಗೆ ಕಾಯಲು ಆಗುವುದಿಲ್ಲ. ಆದರೂ ಊರಿಗೆ ಬಂದು ಮುಸುಕು ಹಾಕಿ ಮಲಗಿದೆ. ಅಮ್ಮ ತಲೆ ಸವರುತ್ತಾ, "ಓಗ್ಲಿ ಬುಡು. ಜನ ಸಾಯೋ ಸಾಮಾನು, ಆಗ್ದೆ ಇದ್ದಿದ್ದೇ ವಾಸಿ" ಎಂದಳು.

ಮಾವ ಅಲ್ಲೇ ಕೂತಿದ್ದರು. "ಅಕ್ಕಯ್ಯ, ನಾನು ಒಡ್ದೋರ್ಗೂ ಅವ್ವ ಇದ್ಲು. ಅದ್ನ ನಾನು ಮರ್ತಿಲ್ಲ" ಎಂದರು. ಆಮೇಲೆ ನನಗೆ, "ಆದ್ರೂ ನಮ್ ಉಡುಗ್ರು ಅಲ್ಲಿ ನಿಂತವ್ರೆ. ನಿಂತಿರೋಗಂಟ ಅವ್ರ ಕೈಗೆ ನೆಟ್ಟಗಿರೋದು ಬೇಕು. ಏಳು, ಮಖ ತೊಳ್ಕೊ. ಕುಲುಮೆ ಮನೇಲಿ ಉಟ್ಟಿದ್ದೀಯೆ, ಒಂದೇ ಕಾವಿಗೆ ಗುಳ ಆಯ್ತದೇನು?"

ಎದ್ದೆ. ನಮ್ಮದನ್ನು ಬೀರುವಿನಿಂದ ಹೊರತೆಗೆದು ಮತ್ತೆ ಕಾಯಿಸಿದೆವು, ಮತ್ತೆ ಬಡಿದೆವು. ಈ ವರ್ಷ ನಮ್ಮ ಗನ್ನು ಸೆಕ್ಷನ್ನುಗಳ ಕೈಗೆ ಪರೀಕ್ಷೆಗೆ ಹೋಗಿ, ಪಾಸಾಗಿ ಬಂತು. ಮೊನ್ನೆ ನಾನು ಊರಿಗೆ ಹೊರಟಿದ್ದು ಅದನ್ನು ಹೇಳುವುದಕ್ಕೇ.

ಮಾವನಿಗೆ ಈಗ ಕಿವಿ ಅಷ್ಟಾಗಿ ಕೇಳುವುದಿಲ್ಲ. ಅವರ ಕಿವಿಗೆ ಬಾಯಿಟ್ಟು ಹೇಳಿದೆ. ಅವರು ತೂಕ ಕೇಳಲಿಲ್ಲ, ದೂರ ಕೇಳಲಿಲ್ಲ. "ಬ್ಯಾರಲ್ ಅಂತ ಕೂಗ್ಬೇಕಾಗಿಲ್ವಾ?" ಎಂದರು.

"ಕೂಗಬೇಕಾಗಿಲ್ಲ ಮಾವ."

ಮರುದಿನ ಬೆಳಗ್ಗೆ ಬಿಳಿ ಅಂಗಿ ಹಾಕಿಕೊಂಡು, "ನಾಗಮಂಗಲಕ್ಕೆ ಓಗ್ಬರಾನ ನಡಿ" ಎಂದರು. ನಂಜಪ್ಪನ ಹೆಂಡತಿ ಸಣ್ಣಮ್ಮನ ಮನೆಗೆ ಅವರು ವರ್ಷಕ್ಕೊಮ್ಮೆ ತಪ್ಪದೆ ಹೋಗುತ್ತಾರೆ. ನಾನು ಹೋದದ್ದು ಅದೇ ಮೊದಲು. ಸಣ್ಣಮ್ಮ ಅಂಗಳದಲ್ಲಿ ಹುರುಳಿ ಕೇರುತ್ತಿದ್ದರು. ಮಾವ ಕೂತು, ನೀರು ಕುಡಿದು, "ಇವ್ಳು ನಮ್ಮಕ್ಕನ ಮಗ್ಳು. ಒಂದು ಗನ್ನು ಮಾಡವ್ಳೆ. ಇನ್ಮೇಲೆ ಯಾರೂ ಬ್ಯಾರಲ್ ಎತ್ಕೊಂಡು ಎದ್ದು ಬರಂಗಿಲ್ಲ" ಎಂದರು.

ಸಣ್ಣಮ್ಮ ಮೊರ ಕೆಳಗಿಟ್ಟರು. "ಅದ್ರಾಗೂ ಜನ ಸಾಯ್ತಾರಲ್ವಾ ತಾಯಿ?"

"ಸಾಯ್ತಾರೆ ಅಮ್ಮ" ಎಂದೆ.

ಅವರು ತಲೆಯಾಡಿಸಿದರು. ಮೊರ ಮತ್ತೆ ಕೈಗೆತ್ತಿಕೊಂಡು, "ನೀನು ಮಾಡಿದ್ದು ಎಲ್ಲೂ ಕೈ ಕೊಡಾಕಿಲ್ವಾ?" ಎಂದು ಕೇಳಿದರು.

ಹೌದು, ಕೊಡುವುದಿಲ್ಲ ಎನ್ನಬಹುದಿತ್ತು. ಎಲ್ಲರೂ ಅದನ್ನೇ ಹೇಳುತ್ತಿದ್ದಾರೆ, ಪಾಸಾಗಿದೆಯಲ್ಲ. ಆದರೆ ತೀರಾ ಚಳಿಯಲ್ಲಿ ಬ್ಯಾರಲ್ಲು ಬದಲಾಯಿಸುವಾಗ ಬಿಚ್ಚುವ ಚಿಲಕ ಒಂದಿಷ್ಟು ಬಿಗಿಯುತ್ತದೆ ಎನ್ನುವುದು ನನಗೆ ಗೊತ್ತು. ನಿಯಮದ ಮಿತಿಯೊಳಗೇ ಬಿಗಿಯುತ್ತದೆ, ಯಾರೂ ಆಕ್ಷೇಪಿಸಿಲ್ಲ. ಅದನ್ನು ಸಣ್ಣಮ್ಮನಿಗೆ ಹೇಳಿದೆ.

"ಅಂಗಾದ್ರೆ ಅದ್ನೂ ಸರಿ ಮಾಡು" ಎಂದರು ಅವರು, ಮಳೆ ಬರುವ ಮುಂಚೆ ಹುರುಳಿ ಒಳಗೆ ತಗೋ ಅನ್ನುವ ಧ್ವನಿಯಲ್ಲಿ. "ಈಗ ಊಟಕ್ಕೇಳಿ."

ಉಂಡೆವು. ಬಸ್ಸಿನಲ್ಲಿ ಮಾವ ನನ್ನ ಭುಜಕ್ಕೆ ಒರಗಿ ನಿದ್ದೆ ಹೋದರು. ಅವರ ಭಾರ ತಾಳಿಕೊಂಡು, ನಾನು ಸಾಹೇಬರಿಗೆ ಫೋನು ಮಾಡಿದೆ. ಸೋಮವಾರ ಚಿಲಕ ಬಿಚ್ಚುತ್ತಿದ್ದೇನೆ ಎಂದೆ. "ಪಾಸಾಗಿದೆಯಲ್ಲಮ್ಮ!" ಎಂದರು. ಆಗಿದೆ ಸಾರ್, ಸೋಮವಾರ ಬಿಚ್ಚುತ್ತಿದ್ದೇನೆ, ಎಂದೆ.