ಬಾಳೂರಿನ ಪೆಟ್ಟಿಗೆಯ ಹಿರಿತನ

ಬೆಳಿಗ್ಗೆ ಆರಕ್ಕೆ ಮೂಡಿಗೆರೆಯ ಕೇಬಲ್ ಆಫೀಸಿನ ಶಟರ್ ಎತ್ತಿದ ಸಿದ್ದೀಕಾ ಮೊದಲು ಕಸಬರಿಗೆ ಹಿಡಿಯುವುದಿಲ್ಲ. ಕಂಪ್ಯೂಟರಿನ ಮುಂದೆ ಕೂತು ಒಂದು ಸಾಲು ಬಡಿಯುತ್ತಾಳೆ. ಆ ಸಾಲು ಗುಡ್ಡದ ರೂಟರ್‌ಗಳನ್ನು ಕೇಳುವುದು ಇಷ್ಟೇ: ಈಗ ನಿಮ್ಮಲ್ಲಿ ಹಿರಿಯ ಯಾರು, ಎಷ್ಟು ಹೊತ್ತಿನಿಂದ? ಉತ್ತರವನ್ನು ಡೈರಿಯಲ್ಲಿ ಬರೆದುಕೊಂಡ ಮೇಲೆಯೇ ಉಳಿದ ಕೆಲಸ. ಅವಳು ನನ್ನ ತಂಗಿಯ ಜೊತೆ ಓದಿದವಳು, ಹಾಗಾಗಿ ಏಕವಚನ. ನಾನು ಬಾಳೂರು ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್, ಕೆಲಸದವರ ಹಾಜರಿ ಬರೆದು ಕೆಲಸ ಹಂಚುವವನು. ನನ್ನ ಬಾಯಿ ಸ್ವಲ್ಪ ಜೋರು ಎಂದು ಮೊದಲೇ ಹೇಳಿಬಿಡುತ್ತೇನೆ.

ಅವಳ ಗಂಡ ಅಹಮದ್ ಕೇಬಲ್ ಲೈನಿನವನು. ಹನ್ನೆರಡು ವರ್ಷದ ಹಿಂದೆ ಕಂಬದಿಂದ ಜಾರಿ ಬಿದ್ದು ಸೊಂಟ ಕೆಡಿಸಿಕೊಂಡ. ಆಗ ಕೇಬಲ್ಲಿನ ಯಜಮಾನರು ಗುರುವಯ್ಯನವರು ಅವನ ಮನೆಗೇ ಹೋಗಿ, 'ಸಂಬಳ ನಿಲ್ಲಲ್ಲ, ಫೋನ್ ಎತ್ತೋಕೆ ಇವಳು ಬರಲಿ' ಎಂದಿದ್ದರು. ಫೋನ್ ಎತ್ತಲು ಬಂದವಳು ಬೈಗುಳ ಕೇಳುತ್ತಲೇ ಎಲ್ಲಿ ವೈರು ಹೋಗಿದೆ ಎಂದು ಊಹಿಸುವುದನ್ನು ಕಲಿತಳು. ವೈರು ಹೋಗಿ ಫೈಬರ್ ಬಂದಾಗ ರೂಟರ್ ಜೋಡಿಸಲು ಬಂದ ಎಂಜಿನಿಯರ್ ಪಕ್ಕದಲ್ಲಿ ಎರಡು ವಾರ ನೋಟ್‌ಬುಕ್ ಹಿಡಿದು ಕೂತಳು. ಅವನು ಹೋದ ಮೇಲೆ ಕಳಸದವರೆಗಿನ ಇಡೀ ಗುಡ್ಡವನ್ನು ಅವಳೇ ನೋಡಿಕೊಳ್ಳುತ್ತಿದ್ದಾಳೆ.

ಆ ವ್ಯವಸ್ಥೆಯನ್ನು ಅವಳು ನನಗೆ ಒಮ್ಮೆ ಬಿಡಿಸಿ ಹೇಳಿದ್ದಳು. ಒಂದು ಚಾನೆಲ್ ಮೂಡಿಗೆರೆಯಿಂದ ಹೊರಡುವುದು ಒಂದೇ ಸಲ. ದಾರಿಯ ರೂಟರ್‌ಗಳು ಕೇಳಿದವರಿಗಷ್ಟೇ ಅದನ್ನು ಹಂಚುತ್ತವೆ. ಆದರೆ ಎಲ್ಲಿ ಹೋಗಿ ಕೇಳಬೇಕು ಎಂಬ ಪಟ್ಟಿ ಎಲ್ಲಕ್ಕೂ ಗೊತ್ತಿರಬೇಕು. ಆ ಪಟ್ಟಿಯನ್ನು ನಿಮಿಷಕ್ಕೊಮ್ಮೆ ಸಾರುವ ಒಂದು ಪೆಟ್ಟಿಗೆ ಇರುತ್ತದೆ. ಅದಕ್ಕೆ ಬೂಟ್‌ಸ್ಟ್ರಾಪ್ ರೂಟರ್ ಎನ್ನುತ್ತಾರೆ. ಯಾವ ಪೆಟ್ಟಿಗೆಗೆ ದೊಡ್ಡ ನಂಬರು ಕೊಟ್ಟಿದ್ದೇವೋ ಅದೇ ಹಿರಿಯ. ಅದು ಸುಮ್ಮನಾದರೆ ಉಳಿದವು ಎರಡು ನಿಮಿಷ ಹತ್ತು ಸೆಕೆಂಡು ಕಾದು ಇನ್ನೊಂದನ್ನು ಹಿರಿಯನನ್ನಾಗಿ ಮಾಡಿಕೊಳ್ಳುತ್ತವೆ.

ಮೂಡಿಗೆರೆಯ ರೂಟರಿಗೆ ಅವಳು ಕೊಟ್ಟ ನಂಬರು ನೂರು, ಕಳಸದ್ದಕ್ಕೆ ಐವತ್ತು. ಬಾಳೂರಿನಲ್ಲಿ ಗುರುವಯ್ಯನವರ ಮನೆಯ ಜಗಲಿಯಲ್ಲಿರುವ ಹಳೆಯ ಪೆಟ್ಟಿಗೆಗೆ ಇನ್ನೂರು. ಹಾಗೆ ಕೊಡಿ ಎಂದು ಯಾರೂ ಹೇಳಿರಲಿಲ್ಲ. ಮೂವತ್ತು ವರ್ಷದ ಹಿಂದೆ ಆ ಮನೆಯ ಮಾಡಿನ ಮೇಲೆ ಮೊದಲ ಡಿಶ್ ಕೂರಿಸಿ, ತೋಟದ ಸಿಲ್ವರ್ ಮರದಿಂದ ಮರಕ್ಕೆ ವೈರು ಎಳೆದವರು ಅವರು. ಅವರ ಮನೆಯ ಪೆಟ್ಟಿಗೆ ಇರುವಾಗ ಬೇರೆಯದು ಮೊದಲು ಮಾತಾಡುವುದು ಅವಳಿಗೆ ಸರಿ ಕಾಣಲಿಲ್ಲ. ಗುರುವಯ್ಯನವರೂ ಬಂದವರಿಗೆಲ್ಲ ಅದರ ಹಸಿರು ದೀಪ ತೋರಿಸಿ, ಇಡೀ ಗುಡ್ಡಕ್ಕೆ ಇದೇ ಹಿರಿದು ಎಂದು ಹೇಳಿಕೊಂಡು ಸುಖವಾಗಿದ್ದರು.

ನಮ್ಮಲ್ಲಿ ಗುಡುಗು ಕೇಳಿದ ಕೂಡಲೇ ಎಲ್ಲರೂ ಪ್ಲಗ್ ಕೀಳುತ್ತೇವೆ. ಸಿಡಿಲಿಗೆ ಟಿವಿ ಕಳೆದುಕೊಳ್ಳದ ಮನೆ ಇಲ್ಲ. ಗುರುವಯ್ಯನವರು ಎಲ್ಲರಿಗಿಂತ ಜಾಗರೂಕರು. ಸಂಜೆ ಗುಡುಗಿದರೆ ರೂಟರಿನ ಪ್ಲಗ್ ಕಿತ್ತು, ಬೆಳಿಗ್ಗೆ ಎದ್ದು ಕಾಫಿ ಕುಡಿದು ಹಾಕುತ್ತಿದ್ದರು. ಪೆಟ್ಟಿಗೆ ಎದ್ದ ತಕ್ಷಣ ತಾನೇ ಹಿರಿಯ ಎಂದು ಸಾರುತ್ತಿತ್ತು. ಆದರೆ ಪಟ್ಟಿ ಕೂಡಿಸಿಕೊಳ್ಳಲು ಅದಕ್ಕೆ ಕೆಲವು ನಿಮಿಷ ಬೇಕು. ಆ ಹೊತ್ತಿನಲ್ಲಿ ಟಿವಿ ನೋಡುತ್ತಿದ್ದವರಿಗೆ ಏನೂ ಆಗುವುದಿಲ್ಲ. ಹೊಸದಾಗಿ ಹಾಕಿದವರಿಗೆ ಕಪ್ಪು ಪರದೆ. ಹಿರಿಯಕ್ಕನ ಚಾಳಿ ಮನೆಮಂದಿಗೆಲ್ಲ ಎನ್ನುವುದು ಸುಳ್ಳಲ್ಲ.

ಬೆಳಿಗ್ಗೆ ಟಿವಿ ಹಾಕುವವರು ನಮ್ಮ ಎಸ್ಟೇಟಿನಲ್ಲಿ ಸಾಲಾಗಿ ಕಟ್ಟಿದ ಲೈನ್ ಮನೆಗಳ ಕೆಲಸದವರು. ಅಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಆನೆ ರಾತ್ರಿ ಯಾವ ತೋಟ ದಾಟಿತು ಎಂದು ಸಿದ್ದೀಕಾ ಫೋನಿನಲ್ಲಿ ವಿಚಾರಿಸಿ, ಆರೂವರೆಯಿಂದ ನಮ್ಮ ಲೋಕಲ್ ಚಾನೆಲ್ಲಿನ ಕೆಳಸಾಲಿನಲ್ಲಿ ಹಾಕುತ್ತಾಳೆ. ಅದನ್ನು ನೋಡಿಯೇ ನಾನು ಯಾರನ್ನು ತೋಟದ ಯಾವ ಬ್ಲಾಕಿಗೆ ಕಳಿಸಬೇಕು ಎಂದು ನಿರ್ಧರಿಸುವುದು.

ಕಳೆದ ಮೇ ತಿಂಗಳ ಒಂದು ಬೆಳಿಗ್ಗೆ ಟಿವಿಯಲ್ಲಿ ಏನೂ ಬರಲಿಲ್ಲ. ಆಕಾಶ ಆಗಾಗ ಗುಡುಗುತ್ತಿತ್ತು. ಏಳೂಕಾಲಿನವರೆಗೆ ಕಾದು, ಆನೆ ಇದ್ದಿದ್ದರೆ ಯಾರಾದರೂ ಹೇಳುತ್ತಿದ್ದರು ಎಂದುಕೊಂಡು, ಹೊರಡಿ ಎಂದವನು ನಾನೇ. ಮೇಲಿನ ಬ್ಲಾಕಿನಲ್ಲಿ ಎರಡು ಆನೆಗಳಿದ್ದವು. ನಮ್ಮ ಕೆಲಸದ ರಾಮಮ್ಮ ಓಡಿ ಕಪ್ಪಿನಲ್ಲಿ, ತೋಟದ ಆಳದ ಚರಂಡಿಯಲ್ಲಿ, ಬಿದ್ದು ಬಲಗೈ ಮುರಿದುಕೊಂಡಳು. ಜೀವ ಉಳಿದದ್ದು ಅವಳ ಪುಣ್ಯ, ನನ್ನ ಬುದ್ಧಿಯಿಂದಲ್ಲ.

ಅವಳನ್ನು ಆಸ್ಪತ್ರೆಗೆ ಸೇರಿಸಿ ನಾನು ನೇರ ಕೇಬಲ್ ಆಫೀಸಿಗೆ ಹೋಗಿ ಕೂಗಾಡಿದೆ. ಸಿದ್ದೀಕಾ ಡೈರಿ ಮುಂದಿಟ್ಟಳು. ಆ ದಿನದ ಸಾಲಿನಲ್ಲಿ 'ಬಾಳೂರು, ನಾಲ್ಕು ನಿಮಿಷ' ಎಂದಿತ್ತು. ಅದರ ಕೆಳಗೆ ಇನ್ನೂ ಮೂರು ಸಲ: 'ಬಾಳೂರು, ಎರಡು ನಿಮಿಷ'; 'ಮೂಡಿಗೆರೆ'; ಮತ್ತೆ 'ಬಾಳೂರು, ಒಂದು ನಿಮಿಷ'. ಗುಡುಗಿದಾಗಲೆಲ್ಲ ಗುರುವಯ್ಯನವರು ಕಿತ್ತು ಹಾಕಿ ಮಾಡಿದ್ದರು. ಹಿಂದಿನ ಪುಟಗಳಲ್ಲೂ ಅದೇ ಕಥೆ. ಆ ಪ್ಲಗ್ಗಿನಿಂದಲೇ ಬೆಳಿಗ್ಗೆ ಪರದೆ ಕಪ್ಪಾಗುತ್ತಿದೆ ಎಂದು ಮೂರು ವಾರದಿಂದ ಅವಳಿಗೆ ಗೊತ್ತಿತ್ತು.

ಇಲ್ಲಿಂದಲೇ ಒಂದು ನಂಬರು ಬದಲಿಸಿದ್ದರೆ ಮುಗಿಯುತ್ತಿತ್ತಲ್ಲ ಎಂದೆ. ಅವರಿಗೆ ಹೇಳದೆ ಬದಲಿಸಲು ಕೈ ಬರಲಿಲ್ಲವಂತೆ. ಹೇಳಲೆಂದು ಎರಡು ಸಲ ಬಾಳೂರಿಗೆ ಹೋಗಿ, ಕಾಫಿ ಕುಡಿದು ವಾಪಸ್ ಬಂದಿದ್ದಳಂತೆ. ಆಮೇಲೆ ತಲೆ ತಗ್ಗಿಸಿ ಇನ್ನೊಂದು ಮಾತು ಹೇಳಿದಳು.

"ಆ ನಿಮಿಷ ನೋಡಿದ್ರೆ ಅವ್ರು ಎಷ್ಟೊತ್ತಿಗೆ ಎದ್ರು ಅಂತ ಗೊತ್ತಾಗ್ತಿತ್ತು. ಎದ್ದಿದ್ದಾರೆ ಅಂತ ಸಮಾಧಾನ ಆಗ್ತಿತ್ತು."

ನನ್ನ ಸಿಟ್ಟು ಇಳಿಯಲಿಲ್ಲ. ಅವಳನ್ನು ಜೀಪಿನಲ್ಲಿ ಕೂರಿಸಿಕೊಂಡು ಬಾಳೂರಿಗೆ ಹೊರಟೆ.

ಗುರುವಯ್ಯನವರು ಜಗಲಿಯಲ್ಲೇ ಇದ್ದರು. ಸೊಸೆ ಸುಪ್ರಿಯಾ ಕಾಫಿ ತಂದಿಟ್ಟಳು. ಬೆಳಿಗ್ಗೆ ಸಿಡಿಲಿನಿಂದ ಪೆಟ್ಟಿಗೆಯನ್ನು ಹೇಗೆ ಕಾಪಾಡಿದೆ ಎಂದು ಅವರು ಹೇಳತೊಡಗಿದರು. ಸಿದ್ದೀಕಾ ಈ ಸಲ ಲೋಟ ಮುಟ್ಟಲಿಲ್ಲ. ಇನ್ನೂರು ಎಂಬ ನಂಬರಿನಿಂದ ಹಿಡಿದು ರಾಮಮ್ಮನ ಕೈಯವರೆಗೆ ಎಲ್ಲವನ್ನೂ ಹೇಳಿದಳು. ತಪ್ಪು ನಿಮ್ಮದಲ್ಲ, ಆ ನಂಬರು ಕೊಟ್ಟ ನನ್ನದು ಎಂದಳು. ಮುದುಕರ ಮುಖ ಸಣ್ಣಗಾಯಿತು. ಹಸಿರು ದೀಪದ ಕಡೆ ತಿರುಗಿ ಕೇಳಿದರು.

"ಇದು ಸುಮ್ಮನಾದ್ರೆ ಉಳಿದವು ಎಷ್ಟು ಹೊತ್ತು ಕಾಯ್ತವೆ ಅಂದೆ?"

"ಎರಡು ನಿಮಿಷ ಹತ್ತು ಸೆಕೆಂಡು."

"ನೀನು ಮೂರು ವಾರ ಕಾದ್ಯಲ್ಲ ಮಾರಾಯ್ತಿ."

ಸಿದ್ದೀಕಾ ಅತ್ತುಬಿಟ್ಟಳು. ಹಿರಿಯರ ಮರ್ಯಾದೆ ಕಾಯುತ್ತಿದ್ದೇವೆಂದು ನಾವು ಎಷ್ಟೋ ಸಲ ಕಾಯುವುದು ನಮ್ಮ ಸಂಕೋಚವನ್ನು. ಅದರ ಬೆಲೆ ತೆತ್ತವಳು ರಾಮಮ್ಮ. ಗುರುವಯ್ಯನವರು ಪೆಟ್ಟಿಗೆಯ ನಂಬರನ್ನು ಅಲ್ಲೇ, ತಮ್ಮ ಕಣ್ಣೆದುರೇ ಇಳಿಸಲು ಹೇಳಿದರು. ಅವಳು ಲ್ಯಾಪ್‌ಟಾಪ್ ತೆರೆದು ಇನ್ನೂರನ್ನು ಹತ್ತು ಮಾಡಿದಳು. ಸ್ವಲ್ಪ ಹೊತ್ತಿಗೆ ಹಿರಿಯನ ಜಾಗದಲ್ಲಿ ಮೂಡಿಗೆರೆಯ ಹೆಸರು ಬಂತು. ಹಸಿರು ದೀಪ ಮೊದಲಿನಂತೆಯೇ ಉರಿಯುತ್ತಿತ್ತು. ಅದನ್ನು ಕಂಡು ಅವರಿಗೆ ಆಶ್ಚರ್ಯವಾದಂತಿತ್ತು. ಆಮೇಲೆ ಕೋಲು ಹಿಡಿದು ಎದ್ದು, ರಾಮಮ್ಮನನ್ನು ನೋಡಬೇಕು, ಜೀಪು ತಿರುಗಿಸು ಎಂದರು.

ಈಗ ಸಿದ್ದೀಕಾಳ ಡೈರಿಯಲ್ಲಿ ದಿನವೂ ಮೂಡಿಗೆರೆಯೇ. ನಿಮಿಷಗಳ ಲೆಕ್ಕ ವಾರಗಳಾಗಿ ಬೆಳೆದಿದೆ. ಬಾಳೂರಿನಲ್ಲಿ ಯಾರು ಎಷ್ಟು ಹೊತ್ತಿಗೆ ಎದ್ದರು ಎಂದು ಆ ಸಾಲು ಹೇಳುವುದಿಲ್ಲ. ಆದರೆ ಆರೂಕಾಲಿಗೆ ಸರಿಯಾಗಿ ಆಫೀಸಿನ ಫೋನ್ ಬಡಿದುಕೊಳ್ಳುತ್ತದೆ. ಅತ್ತಲಿಂದ ಬರುವುದು ದಿನವೂ ಅದೇ ಮಾತು.

"ಎದ್ದಿದ್ದೀನಿ. ಆನೆ ಎಲ್ಲಿದೆ ಹೇಳು, ಲೈನ್ ಮನೆಗಳಿಗೆ ಹೋಗಿ ಹೇಳಿ ಬರ್ತೀನಿ."