ಥಿಯೇಟರ್ ಬಾಗಿಲು ಬಡಿದವಳು

ದೆವ್ವ, ಗಾಳಿ, ಕನಸಲ್ಲಿ ಬಂದು ಹೇಳಿದ್ದು, ಇಂಥದ್ದನ್ನೆಲ್ಲ ಯಾರಾದರೂ ಶುರು ಮಾಡಿದರೆ ನಗುತ್ತಿದ್ದವಳು ನಾನು. ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುವವಳಿಗೆ ಅಷ್ಟು ಜಂಬ ಇದ್ದೇ ಇರುತ್ತದೆ. ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿಯೊಬ್ಬರು ತಮ್ಮ ಮನೆಯ ಇಂಥದೇ ಕಥೆ ಹೇಳಿದಾಗ, "ಬಿಡ್ರೀ, ನಿದ್ದೆ ಕಮ್ಮಿ ಆಗಿರತ್ತೆ ನಿಮಗೆ" ಎಂದು ಅವರ ಬಾಯಿ ಮುಚ್ಚಿಸಿದ್ದೂ ಉಂಟು. ಈಗ ನಾನೇ ಒಂದನ್ನು ಹೇಳಲು ಕೂತಿದ್ದೇನೆ. ನೀವು ನಕ್ಕರೆ ನನಗೆ ಬೇಜಾರಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ನನ್ನ ಮಗಳು ಚಿನ್ಮಯಿಗೆ ಆಗ ಏಳು ವರ್ಷ. ಒಂದು ಭಾನುವಾರ ಬಸವನಗುಡಿಯ ಪಾರ್ಕಿನಲ್ಲಿ ಬೇಡ ಬೇಡ ಎಂದರೂ ಬಂಡೆ ಹತ್ತಿ, ಜಾರಿ ಬಿದ್ದು, ಬಲತೊಡೆಯ ಮೂಳೆ ಮುರಿದುಕೊಂಡಳು. ಚಾಮರಾಜಪೇಟೆಯ ಒಂದು ಚಿಕ್ಕ ನರ್ಸಿಂಗ್ ಹೋಮಿಗೆ ಸೇರಿಸಿದೆವು. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಸಮಾಧಾನವಾಗಿ ವಿವರಿಸಿದರು. ತೀರಾ ಎಳೆಮಗುವಾಗಿದ್ದರೆ ಸೊಂಟದಿಂದ ಕೆಳಗೆ ಪ್ಲಾಸ್ಟರ್ ಹಾಕಿದರೆ ಸಾಕಿತ್ತು, ಈ ವಯಸ್ಸಿಗೆ ಮಂಡಿಯ ಮೇಲ್ಗಡೆ ಎರಡು ಸಣ್ಣ ಗಾಯ ಮಾಡಿ, ಮೂಳೆಯೊಳಗೆ ಬಾಗುವಂಥ ಎರಡು ತೆಳು ಲೋಹದ ಕಡ್ಡಿ ತೂರಿಸುತ್ತೇವೆ, ಮೂಳೆ ಬೆಳೆಯುವ ಜಾಗವನ್ನು ಮುಟ್ಟುವುದಿಲ್ಲ, ಕೂಡಿಕೊಂಡ ಮೇಲೆ ಕಡ್ಡಿ ತೆಗೆದುಬಿಡುತ್ತೇವೆ ಎಂದರು. ನನಗೆ ಧೈರ್ಯ ಬಂತು. ಅರಿವಳಿಕೆ ಕೊಡುವ ಡಾಕ್ಟರು ಮಾತ್ರ ಒಂದೇ ಮಾತನ್ನು ಎರಡು ಸಲ ಹೇಳಿದರು. "ಬೆಳಗ್ಗೆ ಮಗು ಹೊಟ್ಟೇಲಿ ಏನೂ ಇರಬಾರದು. ಪ್ರಜ್ಞೆ ಇಲ್ದಾಗ ವಾಂತಿ ಆಗಿ ಶ್ವಾಸಕೋಶಕ್ಕೆ ಹೋದ್ರೆ ಜೀವಕ್ಕೇ ಅಪಾಯ."

ಮರುದಿನ ಬೆಳಗ್ಗೆ ನಮ್ಮ ಅತ್ತೆ ಹನುಮಂತನಗರದ ಮನೆಯಿಂದ ಬರುವಾಗ ದಾರಿಯಲ್ಲಿ ಗುಡಿಗೆ ಹೋಗಿ, ಮೊಮ್ಮಗಳ ಹೆಸರಲ್ಲಿ ಅರ್ಚನೆ ಮಾಡಿಸಿ, ಸ್ಟೀಲ್ ಡಬ್ಬಿಯಲ್ಲಿ ಸಿಹಿ ಪೊಂಗಲ್ ಪ್ರಸಾದ ತಂದಿದ್ದರು. "ಒಂದೇ ಒಂದು ಅಗುಳು ನಾಲಿಗೆ ಮೇಲಿಡ್ತೀನಿ ಕಣೇ, ದೇವರದ್ದು" ಎಂದರು. ನಾನು ರೇಗಿಬಿಟ್ಟೆ. "ನಿಮಗೇನು ತಲೆಗಿಲೆ ಕೆಟ್ಟಿದೆಯಾ ಅತ್ತೆ? ಮಗು ಪ್ರಾಣ ತೆಗೀತೀರಾ?" ವಾರ್ಡಿನಲ್ಲಿದ್ದವರೆಲ್ಲ ನಮ್ಮ ಕಡೆ ತಿರುಗಿದರು. ಅತ್ತೆ ಡಬ್ಬಿಯನ್ನು ಮಂಚದ ಪಕ್ಕದ ಟೇಬಲ್ಲಿನ ಮೇಲಿಟ್ಟು ಹೊರಗೆ ಹೋಗಿ ಕೂತರು.

ಎಂಟು ಗಂಟೆಗೆ ಆಯಾ ಬಂದು, ಡಾಕ್ಟರು ಬೇರೆಲ್ಲೋ ಎಮರ್ಜೆನ್ಸಿಯಲ್ಲಿ ಸಿಕ್ಕಿಕೊಂಡಿದ್ದಾರಂತೆ, ನಿಮ್ಮದು ಮಧ್ಯಾಹ್ನದ ಮೇಲೇ ಅಂತೆ ಎಂದಳು. ನನ್ನ ಗಂಡ ಔಷಧಿ ತರಲು ಹೋಗಿದ್ದರು. ಚಿನ್ಮಯಿ ಹಸಿವು ಹಸಿವು ಎಂದು ಬಿಕ್ಕುತ್ತಿದ್ದಳು. ಬಿಕ್ಕಿದಾಗಲೆಲ್ಲ ಕಾಲು ಅಲುಗಿ ಇನ್ನೂ ಜೋರಾಗಿ ಕಿರುಚುತ್ತಿದ್ದಳು. ಇನ್ನೂ ಆರೇಳು ಗಂಟೆ ಇದೆಯಲ್ಲ ಎಂದು ಲೆಕ್ಕ ಹಾಕಿ, ಅದೇ ಡಬ್ಬಿ ತೆಗೆದು ಮೂರು ಚಮಚ ತಿನ್ನಿಸಿದೆ. ಗೋಡೆ ಗಡಿಯಾರದಲ್ಲಿ ಎಂಟೂಕಾಲು. "ಯಾರಿಗೂ ಹೇಳ್ಬೇಡ ಚಿನ್ನೂ" ಎಂದೆ.

ಹತ್ತು ಗಂಟೆಗೆ ಸಿಸ್ಟರ್ ಟ್ರಾಲಿ ತಳ್ಳಿಕೊಂಡೇ ಬಂದರು. ಡಾಕ್ಟರು ಬೇಗ ಬಂದುಬಿಟ್ಟಿದ್ದರು.

"ಮಗು ಏನೂ ತಿಂದಿಲ್ಲ ಅಲ್ವಾಮ್ಮ?"

ನನ್ನ ಗಂಡ ಅಲ್ಲೇ ಇದ್ದರು. ಅತ್ತೆ ಬಾಗಿಲಲ್ಲಿ ನಿಂತಿದ್ದರು. ಅಷ್ಟು ಜನರ ಎದುರು ಅವರನ್ನು ಹಾಗೆ ಅಂದವಳು, ಆ ಪ್ರಸಾದವನ್ನು ನಾನೇ ತಿನ್ನಿಸಿದೆ ಎಂದು ಹೇಗೆ ಹೇಳಲಿ? "ಇಲ್ಲ" ಎಂದೆ. ಮೂರು ಚಮಚಕ್ಕೆ ಏನಾಗಿಬಿಡುತ್ತೆ ಎಂದು ನನಗೆ ನಾನೇ ಹೇಳಿಕೊಂಡೆ, ಪಾಪಿ. ಚಿನ್ಮಯಿಯನ್ನು ಮೇಲಿನ ಮಹಡಿಯ ಆಪರೇಷನ್ ಥಿಯೇಟರಿಗೆ ಕರೆದುಕೊಂಡು ಹೋದರು.

ಗಂಡ ಕಾಗದಪತ್ರಕ್ಕೆಂದು ಕೌಂಟರಿಗೆ ಹೋದರು. ನಾನೂ ಅತ್ತೆಯೂ ಕೆಳಗೆ ಮೆಟ್ಟಿಲಿನ ಎದುರು ಬೆಂಚಿನಲ್ಲಿ ಕೂತೆವು. ಬೆಳಗಿನದ್ದನ್ನೆಲ್ಲ ಮರೆತವರಂತೆ ಅತ್ತೆ ನನ್ನ ಕೈ ಹಿಡಿದುಕೊಂಡು, ಕಣ್ಣು ಮುಚ್ಚಿ ಸ್ತೋತ್ರ ಹೇಳತೊಡಗಿದರು. ಏಳು, ಓಡು, ಹೋಗಿ ಹೇಳು ಎಂದು ಮನಸ್ಸು ಬಡಿದುಕೊಳ್ಳುತ್ತಿತ್ತು. ನಾನು ಏಳಲಿಲ್ಲ. ಎದುರಿನ ಗೋಡೆಯಲ್ಲಿ ಮಕ್ಕಳ ಲಸಿಕೆಯ ಪಟ್ಟಿಯಿತ್ತು. ಅದನ್ನು ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಓದುತ್ತಾ ಕೂತಿದ್ದೆ. ಒಂದು ಕ್ಷಣವೂ ಕಣ್ಣು ಮುಚ್ಚಲಿಲ್ಲ, ಅದು ಚೆನ್ನಾಗಿ ನೆನಪಿದೆ.

ಹತ್ತು ನಿಮಿಷ ಆಗಿರಬಹುದು. ಸಿಸ್ಟರ್ ಮೆಟ್ಟಿಲಿಳಿದು ಬಂದರು.

"ಆಪರೇಷನ್ ಮೂರು ಗಂಟೆಗೆ ಹಾಕಿದ್ದಾರೆ. ಸದ್ಯ, ನೀವು ಬಂದು ಹೇಳಿದ್ದು ಒಳ್ಳೇದಾಯ್ತಮ್ಮ."

"ಯಾರು, ನಾನಾ?"

"ಮತ್ತೆ? ಈಗಷ್ಟೇ ಓಡ್ಕೊಂಡ್ ಬಂದು ಥಿಯೇಟರ್ ಬಾಗಿಲು ಬಡಿದ್ರಲ್ಲ. ಎಂಟೂಕಾಲಕ್ಕೆ ಪೊಂಗಲ್ ಕೊಟ್ಟೆ, ಮೂರು ಚಮಚ, ತಪ್ಪಾಯ್ತು ಅಂತ ಅತ್ರಲ್ಲ. ಮಗೂಗೆ ಇಂಜೆಕ್ಷನ್ ಕೊಡೋದೊಂದು ಬಾಕಿ ಇತ್ತು ನೋಡಿ."

ಅತ್ತೆ ಗಾಬರಿಯಿಂದ, "ಇವಳು ಇಲ್ಲೇ ಇದ್ಲಲ್ಲಮ್ಮ" ಎಂದರು.

"ನೀವು ಕಣ್ಮುಚ್ಕೊಂಡಿದ್ರಿ ಅಜ್ಜಿ" ಎಂದು ಸಿಸ್ಟರ್ ನಕ್ಕು ಹೋದರು.

ಮೂರು ಗಂಟೆಯ ಆಪರೇಷನ್ ಸುಸೂತ್ರವಾಗಿ ಆಯಿತು. ಮೂಳೆ ಕೂಡಿತು, ಮುಂದಿನ ವರ್ಷ ಕಡ್ಡಿಗಳನ್ನೂ ತೆಗೆದರು. ಈಗ ಅವಳ ಕಾಲು ಮನೆಯಲ್ಲಿ ನಿಲ್ಲುವುದೇ ಇಲ್ಲ. ಆವತ್ತು ಸಂಜೆ ಅರಿವಳಿಕೆಯ ಡಾಕ್ಟರು ನನ್ನ ಗಂಡನ ಮುಂದೆಯೇ, "ಎಷ್ಟೋ ಜನ ಹೆದರಿಕೊಂಡು ಮುಚ್ಚಿಡ್ತಾರೆ. ಇವರು ಹೇಳಿದ್ರು, ಅನಾಹುತ ತಪ್ತು" ಎಂದರು. ನಾನು ತಲೆಯಾಡಿಸಿದೆ.

ಯೋಚಿಸಿ ಯೋಚಿಸಿ ಸೋತಿದ್ದೇನೆ. ಚಿನ್ಮಯಿಯೇ ಹೇಳಿರಬಹುದೇ? ಆ ನೋವಿನಲ್ಲಿ ಅವಳು ಚಮಚ ಎಣಿಸಿದವಳಲ್ಲ, ಗಡಿಯಾರ ನೋಡಿದವಳೂ ಅಲ್ಲ. ನಾನೇ ಹೋಗಿಬಂದು ಮರೆತೆನೇ? ಸಿಸ್ಟರನ್ನು ಮತ್ತೆ ಕೇಳಿದೆ. "ನೀವೇ ಅಮ್ಮ, ಇದೇ ಸೀರೆ. ಕಾಲಲ್ಲಿ ಚಪ್ಪಲಿ ಇರಲಿಲ್ಲ ಅಷ್ಟೆ" ಎಂದರು. ನನ್ನ ಚಪ್ಪಲಿ ಬೆಳಗಿನಿಂದ ಕಾಲು ಬಿಟ್ಟಿರಲಿಲ್ಲ. ಮೆಟ್ಟಿಲ ಹತ್ತಿರ ಕ್ಯಾಮೆರಾ ಇತ್ತು. ಅದನ್ನು ತೋರಿಸಿ ಎಂದು ಕೇಳಲು ಎರಡು ಸಲ ಕೌಂಟರಿನವರೆಗೆ ಹೋಗಿ ವಾಪಸ್ ಬಂದೆ. ನಾನು ಮೆಟ್ಟಿಲು ಹತ್ತುವುದು ಕಂಡರೂ ಕಷ್ಟ, ಕಾಣದಿದ್ದರೂ ಕಷ್ಟ.

ಮನೆಗೆ ಬಂದ ದಿನ ಅತ್ತೆಯ ಹತ್ತಿರ ತಪ್ಪಾಯ್ತು ಎಂದೆ. ಬೈದಿದ್ದಕ್ಕೆ ಮಾತ್ರ. ಅವರು ಸೊಪ್ಪು ಬಿಡಿಸುತ್ತಾ, "ಕಣ್ಣು ಮುಚ್ಚಿದ್ದೆ, ನಿಜ. ಆದ್ರೆ ನಿನ್ ಕೈ ನನ್ ಕೈಯಲ್ಲೇ ಇತ್ತು ಕಣೇ" ಎಂದರು. ನನ್ನ ಮುಖ ನೋಡಿ, ಆಮೇಲೆ ಯಾವತ್ತೂ ಆ ಮಾತೆತ್ತಲಿಲ್ಲ.

ಮನೆಗೆ ಯಾರೇ ಬರಲಿ, ನನ್ನ ಗಂಡ ಆವತ್ತಿನ ನನ್ನ ಧೈರ್ಯದ ಕಥೆ ಹೇಳುತ್ತಾರೆ. ನಾನು ಕಾಫಿಯ ನೆಪ ಮಾಡಿ ಅಡುಗೆಮನೆಗೆ ಹೋಗಿಬಿಡುತ್ತೇನೆ. ಹೋಗಿ ಬಾಗಿಲು ಬಡಿದವಳು ಯಾರೋ ನನಗೆ ಇವತ್ತಿಗೂ ಗೊತ್ತಿಲ್ಲ. ಬೆಂಚಿನ ಮೇಲೆ ಕೂತೇ ಇದ್ದವಳು ಯಾರೆಂಬುದು ಮಾತ್ರ ಚೆನ್ನಾಗಿ ಗೊತ್ತು.