ಪ್ರಮೀಳತ್ತೆಯ ಉದ್ದ ತೋಳು

ಹೊಸ ಲೈನಿಂಗ್ ಬಟ್ಟೆಯನ್ನು ನೀರಲ್ಲಿ ನೆನೆಸಿ, ಹಸಿ ಪೂರ್ತಿ ಆರುವ ಮೊದಲೇ ಇಸ್ತ್ರಿ ಹಾಕಿದರೆ ಒಂದು ವಾಸನೆ ಏಳುತ್ತದೆ. ಗಂಜಿಯದ್ದೂ ಅಲ್ಲ, ಬೆಂದ ಅನ್ನದ್ದೂ ಅಲ್ಲ, ಎರಡರ ನಡುವಿನದು. ಹೋದ ತಿಂಗಳು ಇಲ್ಲೇ ಚಿಕ್ಕಬಳ್ಳಾಪುರದ ಒಂದು ಅಂಗಡಿಗೆ ಬ್ಲೌಸ್ ಹೊಲಿಸಲು ಹೋಗಿದ್ದಾಗ ಒಳಗಿನ ಕೋಣೆಯಿಂದ ಆ ವಾಸನೆ ಬಂತು. ಎದುರಿಗೆ ಕೂತಿದ್ದ ಹುಡುಗಿ ಮೊಬೈಲಿನಲ್ಲಿ ಒಂದಾದ ಮೇಲೊಂದು ಚಿತ್ರ ಸರಿಸುತ್ತಾ, ಮಣಿಕಟ್ಟಿನವರೆಗೆ ಇಳಿದ ತೋಳು ತೋರಿಸಿ, ಈಗ ಇದೇ ಟ್ರೆಂಡು, ಎಲ್ಲರೂ ಇದನ್ನೇ ಕೇಳುತ್ತಾರೆ ಎಂದಳು. ಇದನ್ನು ಶುರು ಮಾಡಿದವರು ಯಾರು ಎಂದು ಕೇಳಿದೆ. ಯಾರೋ ಹೀರೋಯಿನ್ ಇರಬೇಕು ಮೇಡಂ ಎಂದು ನಕ್ಕಳು. ಮೊಣಕೈ ಮೇಲಿನ ತೋಳೇ ಸಾಕೆಂದು ಅಳತೆ ಕೊಟ್ಟು ಹೊರಗೆ ಬಂದೆ. ಶಿಡ್ಲಘಟ್ಟದ ಬಸ್ಸು ಹೊರಡಲು ನಿಂತಿತ್ತು. ಹತ್ತಬೇಕೆನ್ನಿಸಿತು, ಹತ್ತಲಿಲ್ಲ. ಅಲ್ಲಿ ಇಳಿದು ಹೋಗುವುದಕ್ಕೆ ನನಗೀಗ ಮನೆಯಿಲ್ಲ.

ನಮ್ಮ ಮನೆ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿತ್ತು. ಈಗ ಆ ಜಾಗದಲ್ಲಿ ಮೂರಂತಸ್ತಿನ ಅಂಗಡಿ ಸಾಲು ಎದ್ದಿದೆಯಂತೆ, ನಾನು ನೋಡಿಲ್ಲ. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅಪ್ಪ, ಅಮ್ಮ, ಅಪ್ಪನ ತಾಯಿ ಅಂದರೆ ನಮ್ಮಜ್ಜಿ, ನಾನು, ಮತ್ತು ಅಪ್ಪನ ತಂಗಿ ಪ್ರಮೀಳತ್ತೆ. ಇಷ್ಟೇ ಜನ. ಪಕ್ಕದ್ದು ಅತ್ತೆಯ ಗೆಳತಿ ಮುಮ್ತಾಜಳ ಮನೆ. ಹಿತ್ತಲಲ್ಲಿ ಅವರು ರೇಷ್ಮೆ ನೂಲು ತೆಗೆಯುತ್ತಿದ್ದರು. ಗೂಡು ಬೇಯುವ ಕಮಟು ನಮ್ಮ ಗೋಡೆಗಳಿಗೆಲ್ಲ ಹಿಡಿದಿತ್ತು. ನೆಂಟರು ಮೂಗು ಮುಚ್ಚಿಕೊಂಡರೆ ನಮಗೆ ಏಕೆಂದೇ ತಿಳಿಯುತ್ತಿರಲಿಲ್ಲ. ಆ ಕಮಟಿನ ನಡುವೆ, ನಡುಮನೆಯ ಕಿಟಕಿಯ ಪಕ್ಕದಲ್ಲಿ, ಅತ್ತೆಯ ಹೊಲಿಗೆಯ ಕಾಲುಮಿಷನ್ನು ಬೆಳಗಿನಿಂದ ದೀಪ ಹಚ್ಚುವವರೆಗೂ ಓಡುತ್ತಿತ್ತು. ನಿಮಗೂ ಅಂಥದೊಂದು ಸದ್ದಿನ ಮನೆ ಇದ್ದಿರಬಹುದು. ಸದ್ದು ನಿಂತಾಗ ಮಾತ್ರ ಅದು ಇಷ್ಟು ಹೊತ್ತು ಇತ್ತೆಂದು ಗೊತ್ತಾಗುವಂಥದ್ದು.

ನಾನು ಹತ್ತು ವರ್ಷದವಳಿದ್ದಾಗ ಅತ್ತೆಗೆ ಇಪ್ಪತ್ತಮೂರೋ ಇಪ್ಪತ್ನಾಲ್ಕೋ. ಎಸ್ಸೆಸ್ಸೆಲ್ಸಿ ಮುಗಿಸಿ ಒಂದು ವರ್ಷ ಹೊಲಿಗೆ ಕಲಿತಿದ್ದಳು. ಹಳೇ ನ್ಯೂಸ್‌ಪೇಪರಿನಲ್ಲಿ ಕುತ್ತಿಗೆ, ಬೆನ್ನು, ತೋಳುಗಳ ಆಕಾರ ಕತ್ತರಿಸಿ ಮೊಳೆಗೆ ನೇತುಹಾಕುತ್ತಿದ್ದಳು. ಸಿನಿಮಾ ನೋಡಿ ಬಂದವರು ಅದರಲ್ಲಿನ ಬ್ಲೌಸಿನ ಬಗ್ಗೆ ಎರಡು ದಿನ ಮಾತಾಡಿ ಮರೆಯುತ್ತಿದ್ದರು. ಆದರೆ ಅತ್ತೆ ಕಡುಹಸಿರು ಸೀರೆಗೆ ಸಾಸಿವೆ ಬಣ್ಣದ ರವಿಕೆ ಹಾಕಿಕೊಂಡ ವಾರದೊಳಗೆ ಬೀದಿಯ ನಾಲ್ಕು ಹೆಂಗಸರು ಸಾಸಿವೆ ಬಣ್ಣದ ಬಟ್ಟೆ ಹಿಡಿದು ನಮ್ಮನೆಗೆ ಬರುತ್ತಿದ್ದರು. ಹುಕ್ಕನ್ನು ಮುಂದಿನಿಂದ ಬೆನ್ನಿಗೆ ಸಾಗಿಸಿದವಳು ಅವಳು, ಅಂಚಿಗೆ ಬೇರೆ ಬಣ್ಣದ ಪಟ್ಟಿ ಕೊಟ್ಟವಳು ಅವಳು. ಹೇಗೆ ಹೊಲಿಯಲಿ ಎಂದು ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ, ನಿನ್ನದರ ಥರಾನೇ. ಅವಳದು ನನ್ನ ಹಾಗೆಯೇ ಕಪ್ಪು ಮೈಬಣ್ಣ, ಅಂಥ ರೂಪವತಿಯೇನೂ ಅಲ್ಲ. ಆದರೆ ಬಟ್ಟೆ ಅವಳ ಮೈಮೇಲೆ ಕೂರುವ ರೀತಿಯೇ ಬೇರೆಯಿತ್ತು. ಊರಿನ ಉಡುಗೆಯನ್ನು ತಿದ್ದುವವರು ದೂರದಲ್ಲಿರುವುದಿಲ್ಲ, ದಿನಾ ಕಣ್ಣಿಗೆ ಬೀಳುವ, ಅವಳಂತಾಗಬೇಕೆಂದು ಒಳಗೊಳಗೇ ಆಸೆ ಹುಟ್ಟಿಸುವ ಯಾರೋ ಒಬ್ಬಳಾಗಿರುತ್ತಾಳೆ ಎಂದು ನನಗೆ ಅವತ್ತೇ ತಿಳಿದಿತ್ತು.

ಒಂದು ಶನಿವಾರ ಅತ್ತೆ ನನಗೆ ಎಣ್ಣೆ ಸ್ನಾನ ಮಾಡಿಸುವಾಗ ಅವಳ ಎಡ ಮೊಣಕೈ ಹತ್ತಿರ ಹುಣಸೆ ಬೀಜದಷ್ಟು ಬಿಳಿ ಕಂಡೆ. ಸುಣ್ಣ ಮೆತ್ತಿದೆಯೆಂದು ಉಜ್ಜಿದೆ. ಹೋಗಲಿಲ್ಲ. ಅತ್ತೆ ಕೈ ಎಳೆದುಕೊಂಡಳು. ಮಳೆಗಾಲ ಮುಗಿಯುವುದರೊಳಗೆ ಅದು ಅಂಗೈಯಗಲವಾಯಿತು, ಬಲಗೈಗೂ ಬಂತು. ಅಪ್ಪ ಬೆಂಗಳೂರಿಗೆ ಕರೆದುಕೊಂಡು ಹೋಗಿ ತೋರಿಸಿದರು. ಇದು ತೊನ್ನು, ಇನ್ನೊಬ್ಬರಿಗೆ ಅಂಟುವುದಿಲ್ಲ, ಜೀವಕ್ಕೇನೂ ತೊಂದರೆಯಿಲ್ಲ ಎಂದು ಡಾಕ್ಟರು ಹೇಳಿ ಮುಲಾಮು ಕೊಟ್ಟರಂತೆ. ಅಜ್ಜಿಗೆ ಆ ಮಾತು ಸಾಲಲಿಲ್ಲ. ವಿದುರಾಶ್ವತ್ಥಕ್ಕೆ ಕರೆದೊಯ್ದು ನಾಗರಕಲ್ಲುಗಳಿಗೆ ಹಾಲೆರೆಸಿದಳು. ಯಾರೋ ಕೊಟ್ಟ ಬೇರು ತೇದು ಹಚ್ಚಿ ಬಿಸಿಲಲ್ಲಿ ಕೂರಿಸಿದಳು. ಮೈ ಸುಟ್ಟು ಗುಳ್ಳೆಯೆದ್ದು, ಗುಳ್ಳೆ ಒಡೆದು, ವಾರವಿಡೀ ಅತ್ತೆ ಕೈ ಮಡಿಸಲಾರದೆ ನರಳಿದಳು. ಆಮೇಲೆ ಅವಳ ರವಿಕೆಗಳ ತೋಳು ಉದ್ದವಾಗತೊಡಗಿತು. ಮೊದಲು ಮೊಣಕೈವರೆಗೆ, ಬಳಿಕ ಮಣಿಕಟ್ಟಿನವರೆಗೆ. ಮುಚ್ಚಿಡುವುದಕ್ಕೆಂದು ಹೊಲಿದ ತೋಳನ್ನೂ ಅವಳು ಒರಟಾಗಿ ಹೊಲಿಯಲಾರದೆ ಹೋದಳು. ಮಣಿಕಟ್ಟಿನಲ್ಲಿ ಕಿರಿದು ಮಾಡಿ, ಬಟ್ಟೆ ಸುತ್ತಿದ ಮೂರು ಪುಟ್ಟ ಗುಂಡಿ ಇಟ್ಟಳು.

ಎರಡೇ ತಿಂಗಳು. ಬೀದಿಯ ಹೆಂಗಸರೆಲ್ಲ ಉದ್ದ ತೋಳಿಗೆ ತಿರುಗಿದರು. ಮೊದಲು ಹೊಲಿಸಿದವರು ಎದುರು ಮನೆಯ ಗೂಡಿನ ವ್ಯಾಪಾರಿಯ ಹೆಂಡತಿ ಗಿರಿಜಮ್ಮ. ಬೇಸಿಗೆ ಶುರುವಾದರೂ ಯಾರೂ ಬಿಡಲಿಲ್ಲ, ಕಂಕುಳು ಬೆವರಿ ಬಣ್ಣ ಬಿಟ್ಟರೂ ಬಿಡಲಿಲ್ಲ. ಎಲ್ಲರಿಗೂ ಹೊಲಿದು ಕೊಟ್ಟವಳು ಅತ್ತೆಯೇ. ಮನೆಯವರನ್ನು ಬಿಟ್ಟರೆ ಅವಳ ಕೈ ನೋಡಿದ್ದವಳು ಮುಮ್ತಾಜ್ ಒಬ್ಬಳೇ. ಒಂದು ಮಧ್ಯಾಹ್ನ ಅತ್ತೆ ಮಿಷನ್ನು ನಿಲ್ಲಿಸಿ ಕಿಟಕಿಯಾಚೆ ನೋಡುತ್ತಾ ಅವಳಿಗೆ ಹೇಳಿದ್ದು ನನಗೆ ನೆನಪಿದೆ: “ನನ್ ಕಷ್ಟಾನ ಎಲ್ರೂ ಹೊಲಿಸ್ಕೊಂಡು ಹಾಕ್ಕೊಂಡು ಓಡಾಡ್ತಿದ್ದಾರೆ ನೋಡೇ.” ಮುಮ್ತಾಜ್ ನಗಲು ಹೋಗಿ ದುಪಟ್ಟದಿಂದ ಕಣ್ಣೊತ್ತಿಕೊಂಡಳು.

ಆ ಹೊತ್ತಿಗೆ ಗೌರಿಬಿದನೂರಿನ ಕಡೆಯ ಗಂಡೊಂದು ಗೊತ್ತಾಗಿತ್ತು. ಹೈಸ್ಕೂಲು ಮೇಷ್ಟ್ರು, ಮೆತ್ತಗೆ ಮಾತಾಡುವವರು. ಹುಡುಗಿ ನೋಡಲು ಬಂದಾಗ ಅತ್ತೆ ಹೊಲಿದ ದಿಂಬಿನ ಕವರನ್ನು ತಿರುಗಿಸಿ ಒಳಗಿನ ಹೊಲಿಗೆ ನೋಡಿದ್ದರು. ಅದನ್ನು ಅತ್ತೆ ಅಮ್ಮನ ಹತ್ತಿರ ಎಷ್ಟೋ ಸಲ ಹೇಳಿಕೊಂಡಳು. ಅವರಿಗೆ ವಿಷಯ ತಿಳಿಸಿಬಿಡೋಣ ಎಂದು ಅವಳು ಅಪ್ಪನ ಮುಂದೆ ನಿಂತು ಕೇಳಿದ ದಿನವೂ ನೆನಪಿದೆ. ಅಪ್ಪ ಮದುವೆಯಾದ ಮೇಲೆ ನೋಡಿದರಾಯಿತು ಎಂದರು. ಸಿಟ್ಟು ಬಂದಾಗ ಅಜ್ಜಿಯ ಬಾಯಲ್ಲಿ ತೆಲುಗೇ ಬರುತ್ತಿದ್ದದ್ದು. “ನೋರು ಮೂಸುಕೋ” ಎಂದು ಗದರಿ ಬಾಯಿ ಮುಚ್ಚಿಸಿದಳು.

ಇನ್ನು ನನ್ನ ಪಾಲಿನದು. ಯುಗಾದಿಗೆ ನನಗೆ ಗುಲಾಬಿ ಬಣ್ಣದ ಫ್ರಾಕಿನ ಬಟ್ಟೆ ತಂದಿದ್ದರು. ಅದಕ್ಕೆ ಅತ್ತೆಯದೇ ಥರದ ಉದ್ದ ತೋಳು, ಮೂರು ಗುಂಡಿ ಬೇಕೆಂದು ಹಟ ಹಿಡಿದೆ. ಗಿರಿಜಮ್ಮನವರ ಮಗಳಿಗೆ ಆಗಲೇ ಅಂಥದ್ದು ಹೊಲಿದುಕೊಟ್ಟಿದ್ದಳು. ಅತ್ತೆ ಆಗಲ್ಲ ಅಂದಳು. ಎರಡು ದಿನ ಅವಳ ಹಿಂದೆ ಮುಂದೆ ಸುತ್ತಿದೆ. ಮೂರನೆಯ ದಿನ ಅವಳು ಗಿಡ್ಡ ಬುಗ್ಗೆ ತೋಳು ಕತ್ತರಿಸಿ ಇಟ್ಟದ್ದು ನೋಡಿ ಬಟ್ಟೆ ಕಿತ್ತು ಎಸೆದೆ. ಅತ್ತೆ ನನ್ನ ಕೆನ್ನೆಗೆ ಹೊಡೆದಳು. ಅದಕ್ಕೆ ಮೊದಲು ಒಂದು ದಿನವೂ ಹೊಡೆದವಳಲ್ಲ. “ನಿಂಗೆ ಅದು ಬೇಡ ಕಣೇ. ಯಾವತ್ತೂ ಬೇಡ” ಎಂದಳು. ಆ ತೋಳು ನನ್ನ ಮೈ ಮುಟ್ಟುವುದಕ್ಕೂ ಅವಳು ಹೆದರಿದ್ದಳೆಂದು ಈಗ ಅರ್ಥವಾಗುತ್ತದೆ. ಅವತ್ತು ಆಗಲಿಲ್ಲ. ಉರಿಯುವ ಕೆನ್ನೆ ಹಿಡಿದುಕೊಂಡು ನೆಟ್ಟಗೆ ಗಿರಿಜಮ್ಮನವರ ಮನೆಗೆ ಹೋದೆ. ಅವರು ಅವರೆಕಾಳು ಆರಿಸುತ್ತಿದ್ದರು. ಯಾಕಮ್ಮಾ ಶೈಲಾ ಅಳ್ತಿದ್ದೀಯ ಎಂದಷ್ಟೇ ಕೇಳಿದ್ದು. ನಮ್ಮತ್ತೆ ಉದ್ದ ತೋಳು ಹಾಕೋದು ಚೆಂದಕ್ಕಲ್ಲ, ಅವಳ ಕೈಯೆಲ್ಲಾ ಬೆಳ್ಳಗಾಗಿದೆ ಎಂದೆ. ಗಿರಿಜಮ್ಮನ ಕೈ ಮೊರದ ಮೇಲೆ ನಿಂತಿತು. ಆಮೇಲೆ ಅವರು ತಮ್ಮ ತೋಳಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚತೊಡಗಿದರು.

ಹಬ್ಬ ಕಳೆದು ವಾರವಾಗಿರಬೇಕು. ಗೌರಿಬಿದನೂರಿನಿಂದ ಮೇಷ್ಟ್ರ ಅಕ್ಕ ಇನ್ನೊಬ್ಬ ಹೆಂಗಸಿನ ಜೊತೆ ಬಂದರು. ಸೀರೆಯ ಬಣ್ಣ ಕೇಳಲು ಬಂದಿರಬೇಕೆಂದು ಅಮ್ಮ ಕಾಫಿಗಿಟ್ಟಳು. ಅವರು ಕಾಫಿ ಬೇಡವೆಂದು, ಅತ್ತೆಯನ್ನು ಎದುರಿಗೆ ಕೂರಿಸಿಕೊಂಡು ಹೇಳಿದರು: “ಬೇಜಾರು ಮಾಡ್ಕೋಬೇಡಮ್ಮ. ಎಡಗೈ ತೋಳು ಒಂದ್ಸಲ ಮೇಲೆ ಮಾಡು.”

ಅಜ್ಜಿ ಏನೋ ಹೇಳಲು ಬಾಯಿ ತೆರೆದಳು. ಅತ್ತೆ ಅವಳ ಕಡೆ ನೋಡಲಿಲ್ಲ. ಗುಂಡಿ ಬಿಚ್ಚಿ ಎಡತೋಳು ಮೇಲೆ ಸರಿಸಿದಳು. ಆಮೇಲೆ ಕೇಳದಿದ್ದರೂ ಬಲಗೈಯದ್ದೂ ಬಿಚ್ಚಿದಳು.

“ಎರಡೂ ನೋಡ್ಕೊಂಡು ಹೋಗಿ ಅಕ್ಕ. ಇನ್ನೊಂದು ಸಲ ಬರೋದು ಬೇಡ.”

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಬೇರು ಸುಟ್ಟ ಕಲೆಗಳ ಸುತ್ತ ಬಿಳುಪು ಇನ್ನೂ ಹರಡಿತ್ತು. ಬಂದವರು ಕೆಟ್ಟವರಾಗಿರಲಿಲ್ಲ. ಆ ಅಕ್ಕ ಅಳುತ್ತಲೇ ಎದ್ದು ಹೋದರು. ಮೇಷ್ಟ್ರಿಂದ ಆಮೇಲೆ ಒಂದು ಮಾತೂ ಬರಲಿಲ್ಲ.

ಮರುದಿನದಿಂದ ಹೊಲಿಯಲು ಕೊಟ್ಟ ಬಟ್ಟೆ ವಾಪಸು ಕೇಳಿ ಜನ ಬರತೊಡಗಿದರು. ಅವರು ಬಾಗಿಲಲ್ಲಿ ನಿಂತು ತಡವರಿಸುವುದನ್ನು ನೋಡಲಾರದೆ ಅತ್ತೆ ಎಲ್ಲವನ್ನೂ ಮಡಿಸಿ, ಅಳತೆಗೆ ಕೊಟ್ಟ ಬ್ಲೌಸುಗಳನ್ನು ಒಳಗಿಟ್ಟು, ಮನೆ ಮನೆಗೆ ಕೊಟ್ಟು ಬರಲು ನನ್ನ ಕೈಗೇ ಕೊಟ್ಟಳು. ಗಿರಿಜಮ್ಮ ಗಂಟನ್ನು ಎರಡು ಬೆರಳಲ್ಲಿ ಹಿಡಿದು, ನನ್ನ ಕಣ್ಣೆದುರೇ ಕುದಿಯುವ ನೀರಿನ ಬಕೆಟ್ಟಿಗೆ ಹಾಕಿ, ಕೋಲಿನಿಂದ ಒಳಗೆ ಅದುಮಿದರು. ಅಂಟಲ್ಲ ಅಂತ ಡಾಕ್ಟರು ಹೇಳಿದ್ದಾರೆ ಎಂದು ಹೇಳಬೇಕೆಂದುಕೊಂಡೆ. ಹೇಳದೆ ಮುಂದಿನ ಮನೆಯ ಗಂಟು ಎತ್ತಿಕೊಂಡೆ. ಸ್ಕೂಲಿಗೆ ಹೋಗುವ ದಾರಿಯಲ್ಲಿ ಬಜಾರಿನ ಟೈಲರ್ ಅಂಗಡಿ ಇತ್ತು. ಆ ವಾರ ಅಲ್ಲಿ ನೆಲದ ಮೇಲೆ ಕತ್ತರಿಸಿದ ತೋಳುಗಳ ಗುಡ್ಡೆ ಬಿದ್ದಿತ್ತು. ನೀಲಿ, ಕೆಂಪು, ಸಾಸಿವೆ, ಎಲ್ಲಕ್ಕೂ ಮೂರು ಮೂರು ಗುಂಡಿ ಹಾಗೇ ಇದ್ದವು. ಅಷ್ಟೂ ಗುಂಡಿಗೆ ಬಟ್ಟೆ ಸುತ್ತಿದವಳು ಅತ್ತೆ. ಎಷ್ಟೋ ಗುಂಡಿಗಳನ್ನು ಅವಳ ಪಕ್ಕದಲ್ಲಿ ಕೂತು ನಾನೇ ಹೊಲಿದಿದ್ದೆ. ಬೇಸಿಗೆ ಮುಗಿಯುವುದರೊಳಗೆ ಬೀದಿಯಲ್ಲಿ ಉದ್ದ ತೋಳು ಹಾಕುವವಳು ಅವಳೊಬ್ಬಳೇ ಉಳಿದಳು. ದೂರದಿಂದಲೂ ಗುರುತು ಸಿಗುವ ಹಾಗೆ.

ಮಿಷನ್ನು ನಡುಮನೆಯಿಂದ ಹಿತ್ತಲ ಕೋಣೆಗೆ ಹೋಯಿತು. ಮುಮ್ತಾಜಳ ಮನೆಯವರು ಮಾತ್ರ ಕೊನೆಯವರೆಗೂ ಅವಳ ಹತ್ತಿರವೇ ಹೊಲಿಸಿದರು. ಮುಮ್ತಾಜಳ ನಿಕಾಹ್‌ನ ಬಟ್ಟೆಯೂ ಅವಳ ಕೈಯದೇ. ಮನೆಯ ಮಾನ ಹೋಯಿತೆಂದು ಅಜ್ಜಿ ಸಾಯುವವರೆಗೆ ಅವಳನ್ನೇ ಬೈದಳು. ವಿಷಯ ಹೇಳಿದವರು ಯಾರೆಂದು ಮನೆಯಲ್ಲಿ ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಅತ್ತೆ ನನ್ನ ಸ್ಕೂಲಿನ ಲಂಗ, ಕಾಲೇಜಿನ ಚೂಡಿದಾರ, ಮದುವೆಯ ಬ್ಲೌಸು ಎಲ್ಲವನ್ನೂ ಹೊಲಿದಳು. ಒಂದರ ಅಳತೆಯೂ ತಪ್ಪಲಿಲ್ಲ. ಅಪ್ಪ ಅಮ್ಮ ಇಬ್ಬರೂ ಹೋದಮೇಲೆ ಮನೆ ಕೈಬಿಟ್ಟಿತು. ಅತ್ತೆಯನ್ನು ಚಿಕ್ಕಬಳ್ಳಾಪುರಕ್ಕೆ, ನನ್ನ ಮನೆಗೆ ಕರೆದುಕೊಂಡು ಬಂದೆ. ಅಷ್ಟರಲ್ಲಿ ಬಿಳುಪು ಅವಳ ಮೈಯನ್ನು ಪೂರ್ತಿ ಆವರಿಸಿತ್ತು, ಮುಖದಲ್ಲೂ ಅವಳ ಹಳೆಯ ಬಣ್ಣ ಒಂದು ಚುಕ್ಕೆಯಷ್ಟೂ ಉಳಿದಿರಲಿಲ್ಲ. ಬಿಸಿಲು ತಾಳುತ್ತಿರಲಿಲ್ಲ. ಆಸ್ಪತ್ರೆಗೆ ಹೊರಟರೂ ಸೆರಗನ್ನು ಮೂಗಿನವರೆಗೆ ಎಳೆದುಕೊಂಡು ತಲೆ ತಗ್ಗಿಸಿ ಆಟೋ ಹತ್ತುತ್ತಿದ್ದಳು.

ಇಲ್ಲಿಗೆ ಬಂದ ಎರಡನೆಯ ವರ್ಷ, ಒಂದು ಭಾನುವಾರ ಇಬ್ಬರೇ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದಾಗ, ಏನೂ ಪೀಠಿಕೆಯಿಲ್ಲದೆ ಹೇಳಿಬಿಟ್ಟೆ. ಅತ್ತೆ, ಗಿರಿಜಮ್ಮನಿಗೆ ಹೇಳಿದ್ದು ನಾನು ಎಂದೆ. ಅವಳ ಕೈ ನಿಲ್ಲಲಿಲ್ಲ.

“ಗೊತ್ತಿತ್ತು ಕಣೇ. ಆವತ್ತು ಅಳ್ತಾ ಆ ಮನೆಗೆ ಹೋಗಿದ್ದು ಕಿಟಕೀಲಿ ನೋಡಿದ್ದೆ.” ಇನ್ನೊಂದು ಗಡ್ಡೆ ಎತ್ತಿಕೊಂಡು ಕೇಳಿದಳು, “ತಿನ್ನಕ್ಕೆ ಏನಾದ್ರೂ ಕೊಟ್ಟು ಬಾಯಿ ಬಿಡಿಸಿರ್ಬೇಕು ಅಂದ್ಕೊಂಡಿದ್ದೆ. ಏನು ಕೊಟ್ಳು ಅವ್ಳು ನಿಂಗೆ?”

ಅಷ್ಟು ವರ್ಷ ಅವಳು ನನಗಾಗಿ ಆ ಒಂದು ಕಾರಣವನ್ನು ಕಾಪಾಡಿಕೊಂಡು ಬಂದಿದ್ದಳು. ಏನೂ ಕೊಡಲಿಲ್ಲ, ನಿನ್ನ ಮೇಲಿನ ಸಿಟ್ಟಿಗೆ ನಾನೇ ಹೋಗಿ ಹೇಳಿದೆ ಎನ್ನಬೇಕಿತ್ತು. “ಕೊಬ್ಬರಿ ಮಿಠಾಯಿ” ಎಂದೆ. ಅತ್ತೆ ತಲೆಯಾಡಿಸಿ, “ಮಕ್ಳು ತಾನೆ” ಎಂದು ಸಿಪ್ಪೆ ಒಟ್ಟು ಮಾಡಿಕೊಂಡು ಎದ್ದಳು.

ಮರುವರ್ಷ ಚಳಿಗಾಲದಲ್ಲಿ, ಬೆಳಗ್ಗೆ ಕಾಫಿ ಕುಡಿದು ಲೋಟ ಕೆಳಗಿಡುವಾಗ ಎದೆ ಹಿಡಿದುಕೊಂಡವಳು ಆಸ್ಪತ್ರೆ ಮುಟ್ಟಲಿಲ್ಲ. ಫೋನು ಮಾಡಿದ ಒಂದೂವರೆ ಗಂಟೆಗೆ ಮುಮ್ತಾಜ್ ಬಂದಳು. ಮೈ ತೊಳೆಯಲು ನನ್ನ ಕಡೆಯವರು ಹಿಂದೆ ಮುಂದೆ ನೋಡುತ್ತಿದ್ದಾಗ ಅವಳೇ ಬುರ್ಖಾ ತೆಗೆದಿಟ್ಟು ತಂಬಿಗೆ ಹಿಡಿದಳು. ಸೀರೆ ಉಡಿಸಿ ಹಜಾರದಲ್ಲಿ ಮಲಗಿಸಿದೆವು. ನಮ್ಮ ಬಡಾವಣೆಯಲ್ಲಿ ಅತ್ತೆಯನ್ನು ಸರಿಯಾಗಿ ಕಂಡವರಿರಲಿಲ್ಲ. ನೋಡಲು ಬಂದವರಲ್ಲಿ ಪಕ್ಕದ ಮನೆಗೆ ಹೊಸದಾಗಿ ಬಂದ ಸೊಸೆಯೂ ಇದ್ದಳು, ಕಪ್ಪಗೆ ಲಕ್ಷಣವಾಗಿದ್ದ ಹುಡುಗಿ. ಬಹಳ ಹೊತ್ತು ಅತ್ತೆಯ ಮುಖವನ್ನೇ ನೋಡುತ್ತಿದ್ದು, ನನ್ನ ಕಿವಿಯ ಹತ್ತಿರ ಬಗ್ಗಿ ಕೇಳಿದಳು: “ಅಕ್ಕ, ಈ ವಯಸ್ಸಲ್ಲೂ ಎಷ್ಟು ಕಲರ್ ಇದ್ದಾರೆ ಇವ್ರು. ಏನ್ ಹಚ್ಕೊಳ್ತಿದ್ರು?”

ಮುಮ್ತಾಜ್ ತಲೆಯೆತ್ತಿ ನನ್ನನ್ನು ನೋಡಿದಳು. ನಾನು ಏನಾದರೂ ಹೇಳಬಹುದೆಂದು ಕಾದಳು. ಆ ಹುಡುಗಿಯೂ ಕಾದಳು. ನಾನು ಬಾಯಿ ಮುಚ್ಚಿಕೊಂಡದ್ದು ಅತ್ತೆಯ ಸಲುವಾಗಿಯೋ ನನ್ನ ಸಲುವಾಗಿಯೋ ಎಂದು ಇವತ್ತಿಗೂ ಹೇಳಲಾರೆ. ಅಷ್ಟರಲ್ಲಿ ಗಂಡಸರು ಹೊತ್ತಾಯಿತೆಂದು ಒಳಗೆ ಬಂದು ಚಟ್ಟವನ್ನು ಎತ್ತಿದರು. ಗೇಟಿನವರೆಗೆ ನಾವಿಬ್ಬರೂ ಹೋದೆವು. ಹಗಲು ಹೊತ್ತಿನಲ್ಲಿ, ಬಿಸಿಲು ನೇರ ಬೀಳುತ್ತಿರುವಾಗ, ಮುಖದ ಮೇಲೆ ಸೆರಗಿಲ್ಲದೆ ಅತ್ತೆ ರಸ್ತೆಗೆ ಇಳಿದದ್ದು ಈ ಊರಲ್ಲಿ ಅದೊಂದೇ ಸಲ.